ರೊಟ್ಟಿ ಗಂಟಿನೆದುರು ಸೋತ ದಂಡನಾಯಕರಿಗೆ

ಚೀನಾ, ರೋಮ್, ಜಪಾನ್ ಹಾಗೂ ನಮ್ಮದೇ ನಾಡಿನಲ್ಲಿ ಯುದ್ಧತಂತ್ರ ಬರೆದಿಟ್ಟು ನೆಮ್ಮದಿಯಾಗಿ ತೀರಿಕೊಂಡ ಸಮಸ್ತ ಮಾನ್ಯರೇ,

ಆದರೆ ಸೀಟು ಹಿಡಿಯುವ ಟವೆಲ್ಲಿನ ವಿಷಯ ಅಲ್ಲಿಗೇ ಮುಗಿಯಲಿಲ್ಲ ಎಂದು ನಿನ್ನೆಯ ಪತ್ರದಲ್ಲಿ ಹೇಳುತ್ತಿದ್ದೆನಲ್ಲ, ಅಷ್ಟರಲ್ಲಿ ಬಸ್ಸು ಬಂದು ಮಾತು ತುಂಡಾಯಿತು. ಇವತ್ತು ಅದೇ ಸಿಂಧನೂರು ಬಸ್ ನಿಲ್ದಾಣದ ಅದೇ ಕಲ್ಲುಬೆಂಚಿನ ಮೇಲೆ ಕುಳಿತು, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ (ಇದರ ಮುಂದಿನದು ಕಾಲೇಜು ಬಿಟ್ಟಾಗಲೇ ಮರೆತುಹೋಗಿದೆ) ನನ್ನ ದೂರನ್ನು ಮುಂದುವರಿಸುತ್ತಿದ್ದೇನೆ. ಲಿಂಗಸುಗೂರಿನ ಬಸ್ಸು ಬರುವಷ್ಟರಲ್ಲಿ ನಾನು ಒಬ್ಬರಿಗೆ ಹೇಳಲು ಒಂದು ಉತ್ತರ ಹುಡುಕಬೇಕಾಗಿದೆ, ಮತ್ತು ತಮ್ಮೆಲ್ಲರ ಗ್ರಂಥಗಳನ್ನು ಕಲೆಹಾಕಿದ ದಪ್ಪನೆಯ ಇಂಗ್ಲಿಷ್ ಪುಸ್ತಕದಲ್ಲಿ ಆ ಉತ್ತರದ ಸುಳಿವೂ ಇಲ್ಲ.

ತಮಗೆ ನಮ್ಮ ಕಡೆಯ ಪದ್ಧತಿ ಗೊತ್ತಿರಲಿಕ್ಕಿಲ್ಲ. ಇಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲೋ ಚೀಲವೋ ಒಳಗೆ ಎಸೆದರೆ ಆ ಸೀಟು ಎಸೆದವರದ್ದು. ಅದನ್ನು ಪ್ರಶ್ನಿಸುವ ಕೋರ್ಟು ಇನ್ನೂ ಹುಟ್ಟಿಲ್ಲ. ಸಿಂಧನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಲಿಂಗಸುಗೂರಿನಿಂದ ದಿನಾ ಓಡಾಡುವ ನಾನು, ನಡುಸಾಲಿನ ನೆರಳು ಬದಿಯ ಕಿಟಕಿ ಸೀಟನ್ನು ಬಹುಕಾಲ ಚಕ್ರವರ್ತಿಯಂತೆ ಆಳಿದೆ. ಆಮೇಲೆ ಕಸ್ತೂರೆಮ್ಮನವರು ಬಂದರು. ಅವರೂ ಲಿಂಗಸುಗೂರಿನವರೇ, ನನ್ನಂತೆಯೇ ಬಾಳಿನ ಜೊತೆಗಾರರನ್ನು ಕಳೆದುಕೊಂಡವರು, ಸಿಂಧನೂರಿನಲ್ಲಿ ಹೊಸದಾಗಿ ಖಾನಾವಳಿ ತೆರೆದವರು. ಖಡಕ್ ರೊಟ್ಟಿಯ ದೊಡ್ಡ ಗಂಟನ್ನು, ಒಳಗಿನ ಒಂದು ರೊಟ್ಟಿಯ ಅಂಚೂ ಮುರಿಯದ ಹಾಗೆ, ಚಲಿಸುವ ಬಸ್ಸಿನ ಕಿಟಕಿಯಿಂದ ನನ್ನ ಸೀಟಿನ ಮೇಲೇ ಇಳಿಸುವ ಅವರ ಕೈಚಳಕವನ್ನು ನೋಡಿದ್ದರೆ ತಾವು ಕವಣೆಯಂತ್ರಗಳ ಅಧ್ಯಾಯವನ್ನು ನಾಚಿಕೆಯಿಂದ ಹರಿದು ಹಾಕುತ್ತಿದ್ದಿರಿ.

ಆಗಲೇ ನಾನು ತಮ್ಮ ಶಿಷ್ಯನಾದದ್ದು. ಚೀನಾದ ಹಿರಿಯರು ವೇಗವೇ ಮುಖ್ಯವೆಂದರು (ನನ್ನ ಇಂಗ್ಲಿಷಿಗೆ ಅರ್ಥವಾದ ಮಟ್ಟಿಗೆ), ಬಸ್ಸು ಗೇಟು ದಾಟುವಾಗಲೇ ಓಡಿಹೋಗಿ ಟವೆಲ್ ಎಸೆದೆ. ಒಳಗೆ ಹೋಗಿ ನೋಡಿದರೆ ಅದು ರೊಟ್ಟಿ ಗಂಟಿನ ಮೇಲೆ ಹೊದಿಕೆಯಂತೆ ಮಲಗಿತ್ತು. ಕಂಡಕ್ಟರ್ ಯೂನುಸ ತೀರ್ಪು ಕೊಟ್ಟ: "ಕಾಕಾ, ಗಂಟು ತೆಳಗ, ಟಾವೆಲ್ ಮ್ಯಾಲ ಐತಿ. ಅಂದ್ರ ಗಂಟು ಮೊದ್ಲ ಬಂದೈತಿ. ಇದಕ್ಕ ಪಂಚಾಯ್ತಿ ಬ್ಯಾಡ್ರಿ." ನಡುದಾರಿಯ ಮಸ್ಕಿಯವರೆಗೂ ನಿಂತೇ ಹೋದೆ.

ಸಾಮ, ದಾನ, ಭೇದ ಎಂದ ನಮ್ಮ ನಾಡಿನ ಮಂತ್ರಿವರ್ಯರಿಗೂ ನಮಸ್ಕಾರ. ಸಾಮವೆಂದು ಕಸ್ತೂರೆಮ್ಮನವರನ್ನು ನೋಡಿ ಮಂದಹಾಸ ಬೀರಿದೆ. "ಯಾಕ್ರೀ ಮರಿಸ್ವಾಮಿಯವರ, ಹಲ್ಲು ನೋಯಾಕತ್ತಾವೇನು?" ಎಂದು ಕೇಳಿ ಲವಂಗ ಕೊಟ್ಟರು, ದಾನದಲ್ಲೂ ಅವರೇ ಮುಂದಾದರು. ಭೇದವೆಂದು ಯೂನುಸನನ್ನು ಗೂಢಚಾರನಾಗಿ ನೇಮಿಸಿದರೆ, ಅವನು ನನ್ನ ಯೋಜನೆಯನ್ನೆಲ್ಲ ಅದೇ ಸಂಜೆ ಅವರಿಗೆ ಒಪ್ಪಿಸಿ ಬಂದ. ಕೇಳಿದ್ದಕ್ಕೆ, "ಅಕ್ಕಾರು ಪುಂಡಿಪಲ್ಯ ಹಾಕಿ ರೊಟ್ಟಿ ಕೊಟ್ಟಾರ್ರೀ. ನೀವು ಬರೇ ಇಂಗ್ಲಿಷ್ ಮಾತಾಡ್ತೀರಿ" ಎಂದ. ಗೂಢಚಾರರ ಊಟದ ಬಗ್ಗೆ ಒಂದು ಸಾಲು ಬರೆಯಲು ತಮಗೇನಾಗಿತ್ತು?

ಕೋಟೆಯನ್ನು ಮೊದಲೇ ಹಿಡಿಯಬೇಕೆಂದ ರೋಮಿನ ಮಹನೀಯರೇ, ತಮ್ಮ ಮಾತು ನಂಬಿ ನಸುಕಿನಲ್ಲೇ ಲಿಂಗಸುಗೂರಿನ ನಿಲ್ದಾಣಕ್ಕೆ ಹೋಗಿ, ನಿಂತಿದ್ದ ಬಸ್ಸು ಹತ್ತಿ, ಆ ಸೀಟಿನಲ್ಲಿ ಕೂತು ಬಾಗಿಲ ಕಡೆ ಕಣ್ಣಿಟ್ಟು ಕಾದೆ. ಕೆಟ್ಟು ನಿಂತ ಬಸ್ಸು ಅದು. ಕಸ್ತೂರೆಮ್ಮನವರು ಬೇರೆ ಬಸ್ಸಿನ ಕಿಟಕಿಯಿಂದ ಕೈಬೀಸುತ್ತ ನನ್ನೆದುರೇ ಹಾದುಹೋದರು. ನಾಚಿಕೆಯಿಂದ ನಾನೂ ಕೈಬೀಸಿದೆ. ನಿಜ ಹೇಳಬೇಕೆಂದರೆ, ಅವತ್ತಿನಿಂದ ನಾನು ಸೀಟಿಗಾಗಿ ಬೇಗ ಏಳುತ್ತಿದ್ದೇನೋ ಸೋಲಿಗಾಗಿಯೋ ಎಂಬ ಅನುಮಾನ ಶುರುವಾಗಿತ್ತು. ಗಡ್ಡವನ್ನಂತೂ ದಿನಾ ಬೋಳಿಸತೊಡಗಿದ್ದೆ.

ಕೊನೆಗೆ ಉಳಿದವರು ಜಪಾನಿನ ಕತ್ತಿವರಸೆಯ ಗುರುಗಳು. ಆಯುಧ ಹಿಡಿಯದೆ ಸುಮ್ಮನೆ ನಿಲ್ಲುವುದನ್ನು ಅವರಿಂದ ಕಲಿತೆ, ಅಥವಾ ಕಲಿತೆನೆಂದು ತಿಳಿದು, ಇವತ್ತು ಬೆಳಿಗ್ಗೆ ಟವೆಲ್ಲನ್ನು ಹೆಗಲ ಮೇಲೇ ಇಟ್ಟುಕೊಂಡು ನಿಂತೆ. ಕಸ್ತೂರೆಮ್ಮನವರು ಕಿಟಕಿಯಿಂದ ಹಣಿಕಿ ಹಾಕಿ, "ಇವತ್ತ ಯಾಕ ಟಾವೆಲ್ ಒಗೀಲಿಲ್ರೀ? ಮೈಯಾಗ ಆರಾಮ ಇಲ್ಲೇನು?" ಎಂದರು. ನಾನು ಒಳಗೆ ಬಂದಾಗ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಈಚೆಗೆ ಸರಿದಿದ್ದರು. ಕಿಟಕಿ ಸೀಟು ಖಾಲಿ! ಇಡೀ ಬಸ್ಸಿನ ಕಣ್ಣು ನನ್ನ ಮೇಲೆ. ಯೂನುಸ ಶೀಟಿ ಊದುವುದನ್ನೇ ಮರೆತಿದ್ದ. ಮಸ್ಕಿ ದಾಟಿದ ಮೇಲೆ ಅವರು ರಸ್ತೆಯನ್ನೇ ನೋಡುತ್ತ ಹೇಳಿದರು: "ದಿನಾ ಹಿಂಗ ಒಗ್ಯಾಡೂದಕ್ಕಿಂತ ನಾನ ಎರಡು ಸೀಟು ಹಿಡೀತೀನ್ರಿ. ಬರೇ ಬಸ್ಸಿನ ಮಾತು ಹೇಳಾಕತ್ತಿಲ್ಲ ನಾ. ವಿಚಾರ ಮಾಡಿ ಸಂಜಿ ಬಸ್ಸಿನ್ಯಾಗ ಹೇಳ್ರಿ. ಮಂದಿ ಅಂತೀರೇನು? ಮಂದಿ ನಿಂತ ಬರ್ತಾರ, ನಾವು ಕುಂತ ಹೋಗೂಣು."

ಅಂಗಡಿಯಲ್ಲಿ ಇವತ್ತು ರವಿಕೆ ಬಟ್ಟೆ ಕೇಳಿದವರಿಗೆ ಪಂಚೆ ಕತ್ತರಿಸಿ ಕೊಟ್ಟಿದ್ದೇನೆ.

ಆದ್ದರಿಂದ ಮಾನ್ಯರೇ, ನನ್ನ ನಮ್ರ ವಿನಂತಿ. ಮುತ್ತಿಗೆ, ಹೊಂಚು, ಹಿಮ್ಮೆಟ್ಟುವಿಕೆ, ಆನೆಯನ್ನು ನೀರಿಗಿಳಿಸುವ ಬಗೆ, ಎಲ್ಲವನ್ನೂ ಬರೆದ ತಾವು, ಎದುರಾಳಿ ತಾನಾಗಿಯೇ ಕೋಟೆಯ ಬಾಗಿಲು ತೆರೆದು "ಬರ್ರಿ, ಕುಂದರ್ರಿ" ಎಂದರೆ ದಂಡನಾಯಕ ಯಾವ ಮುಖದಿಂದ ಒಳಗೆ ಹೋಗಬೇಕು ಎಂಬ ಒಂದು ಅಧ್ಯಾಯವನ್ನು ದಯವಿಟ್ಟು ಎಲ್ಲರೂ ಸೇರಿ, ಇರುವಲ್ಲಿಂದಲೇ, ಬಸ್ಸು ಬರುವುದರೊಳಗೆ ಬರೆದು ಕಳಿಸಬೇಕು. ನನ್ನ ಹೆಂಡತಿಯಿದ್ದಿದ್ದರೆ ಅವಳನ್ನೇ ಕೇಳುತ್ತಿದ್ದೆ. ಇಂಥದ್ದರಲ್ಲಿ ಅವಳು ನಿಮ್ಮೆಲ್ಲರಿಗಿಂತ ಚುರುಕು.

ಅಕ್ಷರ ಕಾಣಿಸುತ್ತಿಲ್ಲ. ಬೆಳಕು ಹೋಗುತ್ತಿದೆ. ಗೇಟಿನ ಹತ್ತಿರ ಸಣ್ಣದಾದ ರೊಟ್ಟಿ ಗಂಟು ಹಿಡಿದು ಬರುತ್ತಿರುವವರು ಅವರೇ ಇರಬೇಕು.

ಎಲ್ಲ ರಂಗದಲ್ಲೂ ಸೋತು ಸಂತೋಷವಾಗಿರುವ
ತಮ್ಮ ವಿಶ್ವಾಸಿ,
ಮರಿಸ್ವಾಮಿ

ತಾ.ಕ.: ಇದನ್ನು ಓಡುವ ಬಸ್ಸಿನ ದೀಪದಲ್ಲಿ ಬರೆಯುತ್ತಿದ್ದೇನೆ, ಕಿಟಕಿ ಪಕ್ಕ ಕುಳಿತು. "ಎರಡು ಸೀಟು" ಎಂದೆ, ಅಷ್ಟೇ ಬಾಯಿಂದ ಬಂದದ್ದು, ಅಷ್ಟೇ ಸಾಕಾಯಿತು. ತಮ್ಮ ಪುಸ್ತಕ ಸದ್ಯ ನನ್ನ ತೊಡೆಯ ಮೇಲೆ, ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯ ಕೆಳಗೆ ತಟ್ಟೆಯಾಗಿ ಸೇವೆ ಸಲ್ಲಿಸುತ್ತಿದೆ. ಎಣ್ಣೆಯನ್ನು ತಡೆಹಿಡಿಯುವುದರಲ್ಲಿ ತಾವು ಅಜೇಯರು. ಕಸ್ತೂರೆಮ್ಮನವರು ಅದರ ರಟ್ಟು ತಿರುವಿ ನೋಡಿ, "ಇಷ್ಟ ದಪ್ಪಂದು ಓದೀರೇನು ಒಂದು ಸೀಟಿಗೆ? ಕೇಳಿದ್ರ ಮೊದಲನೇ ದಿನಾನ ಕೊಡ್ತಿದ್ದೆನಲ್ರೀ" ಎಂದರು. ಅಷ್ಟು ದೇಶಗಳ ಅಷ್ಟು ಮಂದಿ ಮಹಾನುಭಾವರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲವೇ?