ವಾರ್ಡಿಗೆ ವಾರ್ಡೇ ಆರಾಮಾದ ಮುಂಜಾನೆ

ಹೊಸ ಡಾಕ್ಟರನಿಗೆ ಒಂದು ಒಳ್ಳೆಯ ರೋಗ ಸಿಕ್ಕಾಗ ಆಗುವ ಸಂತೋಷವನ್ನು ಮನೆಯವರ ಮುಂದೆ ಹೇಳಬಾರದು. ನಾನು ಹೇಳಿ ಕೆಟ್ಟವನು. ಒಂದು ದಿನ ಊಟಕ್ಕೆ ಕುಳಿತಾಗ ತಡೆಯಲಾರದೆ, "ಅವ್ವಾ, ಇವತ್ತ ಎಂಥಾ ಛಲೋ ಜ್ವರಗಡ್ಡಿ ನೋಡಿದೆ ಅಂತೀ! ಹೊಕ್ಕಳದ ತನಕಾ ಇಳದದ!" ಎಂದೆ. ಮಲೇರಿಯಾದಿಂದ ಊದಿದ ಗುಲ್ಮಕ್ಕೆ ನಮ್ಮ ಕಡೆ ಜ್ವರಗಡ್ಡಿ ಎನ್ನುತ್ತಾರೆ. ಅವ್ವ ಝುಣಕ ಬಡಿಸುತ್ತಿದ್ದವಳು ಸೌಟನ್ನು ಹಾಗೆಯೇ ಹಿಂದಕ್ಕೆ ಒಯ್ದಳು. "ಪಾಪ, ಯಾರ ಮನಿ ಮಗನೋ ಏನೋ, ಹೊಟ್ಟಿಯೊಳಗ ಗಡ್ಡಿ ಇಟಗೊಂಡು ಮಲಗ್ಯಾನ. ನೀ ನೋಡಿದ್ರ ಬೀಗರ ಮನ್ಯಾಗ ಹೋಳಿಗಿ ತಿಂದಾವರಂಗ ಹಲ್ಲ ತಗೀತಿಯಲ್ಲೋ!" ಎಂದಳು. ಆ ಹೊತ್ತಿನ ನನ್ನ ಊಟ ಬರೀ ರೊಟ್ಟಿಯಲ್ಲೇ ಮುಗಿಯಿತು. ಆದರೆ ನನ್ನ ತಪ್ಪೇನೂ ಇರಲಿಲ್ಲ ಎಂದು ಇಂದಿಗೂ ನನ್ನ ವಾದ. ಮುಂಬಯಿಯಲ್ಲಿ ವರ್ಷಗಟ್ಟಲೆ ಪುಸ್ತಕದಲ್ಲಿ ಓದಿದ್ದು ಎದುರಿಗೆ ಕಾಟಿನ ಮೇಲೆ ಮಲಗಿ ಕೆಮ್ಮತೊಡಗಿದರೆ ಯಾವನಿಗೆ ಖುಷಿಯಾಗುವುದಿಲ್ಲ?

ಆ ದಿನಗಳಲ್ಲಿ ನನಗೆ ಮನುಷ್ಯರು ಕಾಣಿಸುವುದೇ ನಿಂತುಹೋಗಿತ್ತು. ಟಾಂಗಾದವನು ಎದುರಾದರೆ ಅವನ ಕುತ್ತಿಗೆಯ ಗಂಟು ಕಾಣುತ್ತಿತ್ತು. ಪೇಡೆ ಅಂಗಡಿಯವನು ಪೊಟ್ಟಣ ಕಟ್ಟುವಾಗ ನಾನು ಅವನ ಉಗುರಿನ ಬಣ್ಣ ನೋಡುತ್ತಿದ್ದೆ. ಧಾರವಾಡದ ನಮ್ಮ ಕಾಕಾ ಒಮ್ಮೆ ಬಂದಿದ್ದಾಗ, ನಾನು ಹೊತ್ತಿಗೆ ಸರಿಯಾಗಿ ಮನೆಗೆ ಬರುವುದಿಲ್ಲವೆಂದು ಬೈಯಲು ಬಾಯಿ ತೆರೆದರು. ನಾನು ಬಗ್ಗಿ ನಾಲಿಗೆ ನೋಡಿದೆ. "ಕಾಕಾ, ಹಂಗ ಬಾಯಿ ತಗದ ಇರ್ರಿ ಸ್ವಲ್ಪ. ನಿಮ್ಮ ಹೊಟ್ಟಿ ಸರಿ ಹೋಗವಲ್ದು" ಎಂದೆ. ಅವರು ಬಾಯಿ ಮುಚ್ಚಿದವರು ಯುಗಾದಿಯ ತನಕ ನನ್ನ ಮುಂದೆ ಮತ್ತೆ ತೆರೆಯಲಿಲ್ಲ.

ನಾನು ಆಗ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಹೊಸದಾಗಿ ಸೇರಿದ ಸಣ್ಣ ಡಾಕ್ಟರ. ಈಗಿನ ಹಾಗೆ ಒಂದೊಂದು ಜ್ವರಕ್ಕೆ ಒಂದೊಂದು ಗುಳಿಗೆ ಬಂದಿರದ ಕಾಲ ಅದು. ನಮ್ಮ ಕೈಯಲ್ಲಿದ್ದದ್ದು ಕ್ವಿನೈನು, ಒಂದೆರಡು ಚುಚ್ಚುಮದ್ದು, ಮಿಕ್ಕದ್ದಕ್ಕೆಲ್ಲ ಧೈರ್ಯದ ಮಾತು. ನಮ್ಮನ್ನು ಆಳುತ್ತಿದ್ದವರು ದೊಡ್ಡ ಡಾಕ್ಟರು. ರೋಗಿಗಳ ಬಾಯಲ್ಲಿ ಅವರು ದೊಡ್ಡ ಸಾಹೇಬ್ರು, ನಾನು ಸಣ್ಣ ಸಾಹೇಬ್ರು. ಜರಿಯ ರುಮಾಲು, ಉದ್ದ ಕೋಟು, ಕೆಳಗೆ ಕಚ್ಚೆ ಧೋತರ, ಮೂಗಿನ ತುದಿಯಲ್ಲಿ ಸದಾ ಒಂದಿಷ್ಟು ನಶ್ಯ. ಅವರು ಮಾತಾಡುವುದೇ ಕಡಿಮೆ. ಆಡಿದರೆ ನಾವು ಆ ರಾತ್ರಿ ನಿದ್ದೆ ಮಾಡುವಂತಿರಲಿಲ್ಲ.

ಸೇರಿದ ದಿನವೇ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು: "ನೋಡಪಾ, ನೀ ಏನೇನ ಓದೀದಿ ಅನ್ನೋದು ನನಗ ಬ್ಯಾಡ. ಇಲ್ಲೆ ವಾರ್ಡಿಗೊಂದು ಗುರಿ ಅದ. ಜ್ವರದ ವಾರ್ಡಿನ್ಯಾಗ ಥರ್ಮಾಮೀಟರ್ ಹಚ್ಚೂದಕಿಂತ ಮೊದಲ ಕೈ ಮುಟ್ಟಿ ಜ್ವರ ಹೇಳಬೇಕು. ಕೆಮ್ಮಿನ ವಾರ್ಡಿನ್ಯಾಗ ಬಾಗಲದಾಗ ನಿಂತು, ಯಾವ ಕೆಮ್ಮು ಎದೀದು, ಯಾವ ಕೆಮ್ಮು ಗಂಟಲದ್ದು ಹೇಳಬೇಕು. ಹೆಣ್ಣಮಕ್ಕಳ ವಾರ್ಡಿನ್ಯಾಗ ಅತ್ತೀನ ಹೊರಗ ಕೂಡಿಸಿ ಸೊಸೀ ಬಾಯಿಂದನ ಬ್ಯಾನಿ ಹೇಳಸಬೇಕು. ಅದು ಎಲ್ಲಾದ್ದಕ್ಕಿಂತ ಕಠಿಣದ. ಗುರಿ ಮುಟ್ಟಿದಿ, ಮುಂದಿನ ವಾರ್ಡು. ಮುಟ್ಟಲಿಲ್ಲಾ, ಅಲ್ಲೇ ಬಿದ್ದಿರು." ಇದು ಬರೀ ಬೆದರಿಕೆಯಾಗಿರಲಿಲ್ಲ. ನನಗಿಂತ ಮುಂಚೆ ಬಂದಿದ್ದವನೊಬ್ಬ ಜ್ವರದ ವಾರ್ಡಿನಲ್ಲೇ ಎಷ್ಟು ಕಾಲ ಉಳಿದುಬಿಟ್ಟಿದ್ದನೆಂದರೆ, ರೋಗಿಗಳ ಮನೆಯವರು ಗಂಜಿ ತರುವಾಗ ಅವನಿಗೂ ಒಂದು ಬಟ್ಟಲು ತರುತ್ತಿದ್ದರಂತೆ.

ಜ್ವರದ ವಾರ್ಡು, ಕೆಮ್ಮಿನ ವಾರ್ಡು ಎರಡನ್ನೂ ನಾನು ಹೇಗೋ ದಾಟಿದೆ. ಮೂರನೆಯದು ಗಂಡಸರ ದೊಡ್ಡ ವಾರ್ಡು. ಅಲ್ಲಿಯ ಗುರಿಯನ್ನು ದೊಡ್ಡ ಡಾಕ್ಟರು ಹೀಗೆ ಹೇಳಿದರು: "ಇಲ್ಲೆ ಒಂದು ರೋಗ ನೀನ ಹುಡಕಬೇಕು. ನಾ ಹೇಳಿದ್ದಲ್ಲಾ, ಕಂಪೌಂಡರ ಹೇಳಿದ್ದಲ್ಲಾ. ಹುಡುಕಿ, ಪೇಶಂಟನ ಕಾಟಿನ ಮುಂದ ನಿಂತು, ಹೌದು ಅಂತ ನನಗ ತೋರಸಬೇಕು." ನನ್ನದೇ ಒಂದು ರೋಗ! ಅಂದಿನಿಂದ ನಾನು ವಾರ್ಡಿನಲ್ಲಿ ಒಬ್ಬೊಬ್ಬರ ಹೊಟ್ಟೆಯನ್ನೂ ತಟ್ಟುತ್ತ, ಬೆನ್ನಿಗೆ ಕಿವಿ ಹಚ್ಚುತ್ತ, ಕಣ್ಣಿನ ರೆಪ್ಪೆ ಎಳೆಯುತ್ತ ತಿರುಗಿದೆ. ರೋಗಿಗಳಿಗೆ ಇದು ಭಾರಿ ಇಷ್ಟವಾಯಿತು. ಇಷ್ಟು ಮುತುವರ್ಜಿಯಿಂದ ತಮ್ಮನ್ನು ಯಾರೂ ನೋಡಿರಲಿಲ್ಲವೆಂದು ಅವರು ಬಂದವರೆದುರೆಲ್ಲ ಹೊಗಳಿದರು. ನಾನು ಹುಡುಕುತ್ತಿದ್ದದ್ದು ಏನೆಂದು ಅವರಿಗೆ ಗೊತ್ತಿರಲಿಲ್ಲ.

ಕೊನೆಗೆ ಸಿಕ್ಕಿತು. ಉಪ್ಪಿನಬೆಟಗೇರಿಯ ಚನಬಸಪ್ಪ ಎಂಬ ಒಕ್ಕಲಿಗ ಜ್ವರವೆಂದು ಬಂದು ಮಲಗಿದ್ದ. ದೊಡ್ಡ ಮೀಸೆ, ದೊಡ್ಡ ದನಿ. ಕ್ವಿನೈನು ಎಷ್ಟು ಕುಡಿಸಿದರೂ ಜ್ವರ ಬಿಡಲೊಲ್ಲದು. ಮಾತಿಗೆ ಮಾತು ಬಂದು, ಸುಗ್ಗಿಯ ಹೊತ್ತಿಗೆ ತನಗೆ ರಕ್ತಭೇದಿ ಆಗಿತ್ತೆಂದು ಹೇಳಿದ. ನನ್ನ ಕಿವಿ ನೆಟ್ಟಗಾದವು. ಬಲಗಡೆಯ ಪಕ್ಕೆಲುಬುಗಳ ನಡುವೆ ಬೆರಳಿಟ್ಟು ಒತ್ತಿದೆ. ಆಸಾಮಿ ಮುಗಿಲು ಹರಿಯುವಂತೆ ಒದರಿದ. ನನಗೆ ಕುಣಿಯಬೇಕೆನಿಸಿತು. ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಕೀವು ತುಂಬಿದೆ! ಪುಸ್ತಕದಲ್ಲಿದ್ದ ಹಾಗೆಯೇ! ಸೂಜಿ ಹಾಕಿ ತೆಗೆದರೆ ಮನುಷ್ಯ ಬದುಕುತ್ತಾನೆ. ಬಿಟ್ಟರೆ ಅದು ಒಳಗೇ ಒಡೆದು ಸತ್ತುಹೋಗುತ್ತಾನೆ. ಎರಡನೆಯ ಮಾತು ನೆನಪಾದಾಗ ಮಾತ್ರ ನನ್ನ ಕುಣಿತ ತುಸು ತಗ್ಗಿತು.

ಸಂತೋಷದಲ್ಲಿ ಮನುಷ್ಯ ಆಡಬಾರದ ಮಾತನ್ನು ಆಡಿಬಿಡುತ್ತಾನೆ. ಅಂದು ಸಂಜೆ ನಾನು ಇಡೀ ವಾರ್ಡಿನ ನಡುವೆ ನಿಂತು, "ನಾಳೆ ಮುಂಜಾನೆ ದೊಡ್ಡ ಸಾಹೇಬ್ರು ಬರ್ತಾರ. ನನ್ನ ಪರೀಕ್ಷಾ ಅದ. ನಿಮ್ಮ ಮ್ಯಾಲ ನನ್ನ ಪಾಸು ನಪಾಸು ನಿಂತದ ನೋಡ್ರಿ" ಎಂದು ಹೇಳಿಬಿಟ್ಟೆ. ಚನಬಸಪ್ಪನ ಬಾಜೂ ಕಾಟಿನಲ್ಲಿ ಬೈರಿದೇವರಕೊಪ್ಪದ ಮೌಲಾಸಾಬ ಇದ್ದ. ಚಕ್ಕಡಿಯ ಗಾಲಿಗೆ ಹಳಿ ಹಾಕುವ ಕೆಲಸದವನು, ದಮ್ಮಿನ ರೋಗಿ, ವಾರ್ಡಿನಲ್ಲಿ ಎಲ್ಲರಿಗಿಂತ ಹಳಬ; ಹೀಗಾಗಿ ಅಲ್ಲಿಯ ಪಂಚರಲ್ಲಿ ಮುಖ್ಯ. ಅವನು ಎದ್ದು ಕುಳಿತು, "ನೀವು ಹೋಗಿ ಆರಾಮ ಮಲಗ್ರಿ ಸಾಹೇಬ್ರ. ನಿಮ್ಮನ್ನ ಪಾಸ್ ಮಾಡಸೂದು ನನ್ನ ಕಡೆ ಬಿಡ್ರಿ" ಎಂದ. ನನಗೆ ಕಣ್ಣಲ್ಲಿ ನೀರು ಬಂತು. ಇಂಥ ಜನರ ಸೇವೆ ಮಾಡಲು ಪುಣ್ಯ ಬೇಕು ಎಂದುಕೊಳ್ಳುತ್ತ ಹೋಗಿ ಮಲಗಿದೆ.

ಮುಂಜಾನೆ ದೊಡ್ಡ ಡಾಕ್ಟರು ಬಂದರು. ಮೊದಲನೆಯ ಕಾಟಿನವನು ಗದ್ದದ ತನಕ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ. ಕಾಟೂ ಅವನ ಜೊತೆ ನಡುಗುತ್ತಿತ್ತು. "ಥಂಡಿ ಬಂದದೇನು?" ಎಂದು ಕೇಳಿದರು. "ಇ-ಇ-ಇಲ್ರಿ ಸಾಹೇಬ್ರ. ಆರಾಮದೇನಿ. ಕಾಟ್ ಸ-ಸಡ್ಲ ಐತ್ರಿ" ಎಂದ. ಎರಡನೆಯವನು, ಹಿಂದಿನ ದಿನ ತಲೆ ಎತ್ತಲಾರದವನು, ಎದ್ದು ನಿಂತು ಸಲಾಮು ಹೊಡೆದು ಮತ್ತೆ ಧಡ್ಡನೆ ಬಿದ್ದ. "ಆರಾಮ್ರಿ!" ಎಂದ, ಬಿದ್ದಲ್ಲಿಂದಲೇ. ಮೂರನೆಯವನೂ ಆರಾಮ. ಅವನ ಆಚೆಯವನೂ ಆರಾಮ. ದಮ್ಮಿನ ಮೌಲಾಸಾಬ ಉಸಿರು ಬಿಗಿಹಿಡಿದು, ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿದರೂ ಕೆಮ್ಮದೆ, ಬರೀ ತಲೆಯಲ್ಲಾಡಿಸಿ ತಾನೂ ಆರಾಮ ಎಂದು ತೋರಿಸಿದ. ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿ, "ಏನಪಾ, ನಿನ್ನಿ ಇಲ್ಲೆ ಯಾರರ ಮಹಾರಾಜರು ಬಂದ ಹೋದ್ರೇನು?" ಎಂದು ಕೇಳಿದರು.

ಆಗ ನನಗೆ ಹೊಳೆಯಿತು. ನಮ್ಮ ಜನರ ಲೆಕ್ಕದಲ್ಲಿ ಡಾಕ್ಟರನ ಪರೀಕ್ಷೆ ಎಂದರೆ ಬೇರೆ ಏನಿದ್ದೀತು? ಅವನ ಕೈಯ ಔಷಧ ಕುಡಿದವರಿಗೆ ಆರಾಮಾದರೆ ಅವನು ಪಾಸು, ಆಗದಿದ್ದರೆ ನಪಾಸು. ಔಷಧ ಕೊಟ್ಟವನ ಎದುರಿಗೇ, ಅದೂ ಅವನ ಮೇಲಿನ ಸಾಹೇಬರ ಮುಂದೆ, ಇನ್ನೂ ನೋಯುತ್ತದೆ ಎನ್ನುವುದು ಚಾಡಿ ಹೇಳಿದ ಹಾಗೆ. ಅದರಲ್ಲಿ ತಪ್ಪು ಹುಡುಕುವುದು ಹೇಗೆ? ಯೋಚಿಸಿದರೆ ಮುಂಬಯಿಯ ಪರೀಕ್ಷೆಗಿಂತ ಅದೇ ಹೆಚ್ಚು ನ್ಯಾಯದ್ದು. ಆದರೆ ಆ ಹೊತ್ತಿನಲ್ಲಿ ನನಗೆ ನ್ಯಾಯ ಬೇಡವಾಗಿತ್ತು. ಚನಬಸಪ್ಪನ ನೋವು ಬೇಕಾಗಿತ್ತು.

ಅವನ ಕಾಟಿನ ಮುಂದೆ ನಿಂತು ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ: ರಕ್ತಭೇದಿ, ಜ್ವರ, ಪಕ್ಕೆಯ ನೋವು, ಕೀವು. ದೊಡ್ಡ ಡಾಕ್ಟರು ಚನಬಸಪ್ಪನನ್ನು ಕೇಳಿದರು, "ನೋವು ಎಲ್ಲೆದ?"

"ನೋವು? ಎಂಥಾದ್ರಿ?" ಎಂದ ಚನಬಸಪ್ಪ, ಜೀವಮಾನದಲ್ಲಿ ಆ ಶಬ್ದವನ್ನೇ ಕೇಳದವನ ಹಾಗೆ.

ಅವರು ಪಕ್ಕೆಯಲ್ಲಿ ಬೆರಳಿಟ್ಟು ಒತ್ತಿದರು. ಚನಬಸಪ್ಪ ನಕ್ಕ. "ಹುಲ್ಲ ಮುಟ್ಟಿಧಂಗ ಆಗತೈತ್ರಿ."

"ಸುಳ್ಳ ಹೇಳಬ್ಯಾಡ್ರಿ!" ನಾನು ಒದರಿದೆ. "ನಿನ್ನಿ ಇಲ್ಲೇ ಮುಟ್ಟಿದಾಗ ಬೊಬ್ಬಿ ಹೊಡೀಲಿಲ್ಲೇನು?"

"ಅದು ನಿನ್ನಿ ಮಾತ್ರಿ ಸಾಹೇಬ್ರ. ನಿಮ್ಮ ಕೈಗುಣಾ ಅಂದ್ರ ಏನ ಸಣ್ಣದ್ರಿ? ಮುಂಜಾನಿಂದ ಭಾಳ ಆರಾಮದೇನಿ" ಎಂದು ಅವನು ನನ್ನತ್ತ ಕರುಣೆಯಿಂದ ನೋಡಿದ. ಪಕ್ಕದಲ್ಲಿ ಮೌಲಾಸಾಬ, ಉಸಿರು ಬಿಗಿಹಿಡಿದಿದ್ದಂತೆಯೇ, ನನಗೆ ಕಣ್ಣು ಹೊಡೆದ.

"ಪೇಶಂಟನ ನಿನ್ನ ರೋಗ ಒಪ್ಪವಲ್ಲ. ಮನಿಗೆ ಕಳಸೋಣಲಾ?" ಎಂದರು ದೊಡ್ಡ ಡಾಕ್ಟರು. ಅವರು ತಮಾಷೆ ಮಾಡುತ್ತಿದ್ದರೋ ಏನೋ, ನನಗೆ ತಿಳಿಯಲಿಲ್ಲ. ನನಗೆ ಕಂಡದ್ದು ಚನಬಸಪ್ಪ ಗಂಟು ಕಟ್ಟಿಕೊಂಡು ಉಪ್ಪಿನಬೆಟಗೇರಿಯ ಚಕ್ಕಡಿ ಹತ್ತುವುದು, ದಾರಿಯ ತಗ್ಗಿನಲ್ಲಿ ಚಕ್ಕಡಿ ಜಿಗಿಯುವುದು, ಒಳಗೆ ಅದು ಒಡೆಯುವುದು. ನಿಜವಾಗಿ ಹೆದರಿದೆ. ಆ ಕ್ಷಣಕ್ಕೆ ಪರೀಕ್ಷೆಯೂ ಮರೆತುಹೋಯಿತು, ಮರ್ಯಾದೆಯೂ ಮರೆತುಹೋಯಿತು. "ನನ್ನ ನಪಾಸ್ ಮಾಡ್ರಿ ಸರ್, ಇದ ವಾರ್ಡಿನ್ಯಾಗ ಜೀವನಪೂರ್ತಿ ಇರ್ತೇನಿ. ಇವನ್ನ ಮಾತ್ರ ಕಳಸಬ್ಯಾಡ್ರಿ, ಸಾಯ್ತಾನ್ರಿ" ಎಂದೆ.

ದೊಡ್ಡ ಡಾಕ್ಟರು ಮತ್ತೆ ಅವನ ಮೇಲೆ ಬಗ್ಗಿದರು. ಇನ್ನೊಮ್ಮೆ ಪಕ್ಕೆಯನ್ನು ಒತ್ತಿದರು. ಚನಬಸಪ್ಪ ಇನ್ನೊಮ್ಮೆ ನಕ್ಕ. ಆದರೆ ಅವರು ಅವನ ಮುಖವನ್ನೇ ನೋಡುತ್ತಿರಲಿಲ್ಲ. ಕಾಟಿನ ಆ ಕೊನೆಯನ್ನು ನೋಡುತ್ತಿದ್ದರು. ನಾನೂ ನೋಡಿದೆ. ಕಂಬಳಿಯ ಹೊರಗೆ ಚಾಚಿದ್ದ ಚನಬಸಪ್ಪನ ಕಾಲಬೆರಳುಗಳು ಬಸವನ ಹುಳುವಿನಂತೆ ಒಳಗೆ ಮುದುಡಿ, ಬಣ್ಣಗೆಟ್ಟು, ಒತ್ತಿದ ಬೆರಳು ತೆಗೆದೊಡನೆ ಮೆಲ್ಲಗೆ ಬಿಚ್ಚಿಕೊಂಡವು.

"ಬಾಯಿ ಏನ ಬೇಕಾದ್ದ ಹೇಳ್ತದ" ಎಂದರು ದೊಡ್ಡ ಡಾಕ್ಟರು ನನಗೆ. ಆಮೇಲೆ ಅವನ ಕಡೆ ತಿರುಗಿ, "ಚನಬಸಪ್ಪಾ, ತಿಳಕೊಂಡ ಹೇಳು. ನಿನಗ ನೋವ ಇದ್ದರ ಇವ ಪಾಸು. ನೋವ ಇಲ್ಲಾ ಅಂದ್ರ ನಪಾಸು" ಎಂದರು.

ಚನಬಸಪ್ಪ ತಿರುಗಿ ಮೌಲಾಸಾಬನನ್ನು ನುಂಗುವಂತೆ ನೋಡಿದ. ನಂತರ ಕಣ್ಣು ಮುಚ್ಚಿ, ಬಾಯಿ ತೆರೆದು, "ಅಯ್ಯಯ್ಯಯ್ಯೋ ಸತ್ತೆನ್ರ್ಯೋ! ಎಪ್ಪಾ! ಎವ್ವಾ!" ಎಂದು ಒದರಿದ ಪರಿಗೆ ಕಂಪೌಂಡರನ ಕೈಯ ಬಾಟಲಿ ಕೆಳಗೆ ಬಿತ್ತು. ಅದೇ ಸನ್ನೆ ಎಂದು ಬಗೆದು ಇಡೀ ವಾರ್ಡು ಕಟ್ಟೆ ಒಡೆಯಿತು. ಮೌಲಾಸಾಬ ಅಲ್ಲಿಯವರೆಗೆ ಕೂಡಿಟ್ಟಿದ್ದ ಕೆಮ್ಮನ್ನೆಲ್ಲ ಒಮ್ಮೆಗೇ ಕೆಮ್ಮಿದ. ಮೊದಲನೆಯ ಕಾಟಿನವನು, "ಕಾಟ್ ಘಟ್ಟಿ ಐತ್ರಿ ಸಾಹೇಬ್ರ, ನಾನ ನಡಗಾಕತ್ತೇನ್ರಿ!" ಎಂದು ಕೂಗಿದ. ಆ ನರಳಾಟ ಕೇಳಿ ನನಗಾದಷ್ಟು ಆನಂದ ಯಾವ ಗಾಯನ ಕೇಳಿಯೂ ಆಗಿಲ್ಲ.

ಅವತ್ತೇ ಸೂಜಿ ಹಾಕಿದರು. ಸಿರಿಂಜಿನಲ್ಲಿ ಜೋನಿಬೆಲ್ಲದ ಬಣ್ಣದ ಕೀವು ಏರತೊಡಗಿದಾಗ ನಾನು ತಟ್ಟೆ ಹಿಡಿದು ನಿಂತಿದ್ದೆ. "ಬಂತು ಸರ್! ಬಂತು! ಎಷ್ಟ ಛಲೋ ಬಣ್ಣ ನೋಡ್ರಿ!" ಎಂದು ನಾನೊಬ್ಬನೇ ಜಾತ್ರೆ ಮಾಡಿದೆ. ಪಕ್ಕೆಯಲ್ಲಿ ಸೂಜಿ ಇದ್ದಂತೆಯೇ ಚನಬಸಪ್ಪ ಕತ್ತು ಹೊರಳಿಸಿ, "ಪಾಸ್ ಆದ್ರೇನ್ರಿ ಸಣ್ಣ ಸಾಹೇಬ್ರ?" ಎಂದು ಕೇಳಿದ. ನಾನು ತಟ್ಟೆಯನ್ನು ಅವನಿಗೆ ಕಾಣುವಂತೆ ಎತ್ತಿ ಹಿಡಿದೆ. ಅವನ ಜ್ವರ ಇಳಿಯಿತು. ಮನೆಗೆ ಹೋಗುವ ದಿನ ಅವನು ಖರೇನೇ ಆರಾಮಾಗಿದ್ದ. ಆದರೂ ನಾನು ನಂಬದೆ ಪಕ್ಕೆ ಒತ್ತಿ ಒತ್ತಿ ನೋಡಿ ಅವನಿಗೆ ಬೇಸರ ತರಿಸಿದೆ.

ಮರುವಾರ ದೊಡ್ಡ ಡಾಕ್ಟರು ತಮ್ಮ ಖೋಲಿಗೆ ಕರೆದರು. "ಗುರಿ ಮುಟ್ಟಿದಿ. ನಾಳಿಂದ ಹೆಣ್ಣಮಕ್ಕಳ ವಾರ್ಡು. ನಾ ಮಗಳ ಲಗ್ನಕ್ಕ ಪುಣೇಕ್ಕ ಹೊಂಟೇನಿ. ಬರೂತನಕಾ ಆ ವಾರ್ಡು ನೀ ಒಬ್ಬಾವನ ನೋಡ್ಕೋಬೇಕು. ಅಂಜಿಕಿ ಏನರ ಅದ ಏನು?"

"ಅಂಜಿಕಿ? ಎಂಥಾದ್ದು ಸರ್?" ಎಂದು ನಾನು ಎದೆ ಸೆಟೆಸಿ ನಕ್ಕೆ.

ದೊಡ್ಡ ಡಾಕ್ಟರು ನಶ್ಯ ಏರಿಸಿದರು. ನನ್ನ ಮುಖವನ್ನು ನೋಡಲೇ ಇಲ್ಲ. ಮೇಜಿನ ಮೇಲಿಂದ ಬಗ್ಗಿ ಕೆಳಗೆ ನೆಲದತ್ತ ನೋಡುತ್ತ, "ಬೂಟ ಬಿಚ್ಚು" ಎಂದರು.