ಹಿರಿಯ ಅಳಿಯನ ಟರ್ಬೊ ಪ್ರತಾಪ

“ಈ ಭಾನುವಾರ ಅತ್ತೆ ಮನೆಗೆ ಮೊದಲು ತಲುಪೋನು ನಾನೇ!” ಎಂದು ಕನ್ನಡಕದಂಗಡಿಯ ಯಜಮಾನರು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದರು. ಕಾಫಿ ಅಂಗಿಗೆ ಹಾರಿತು. ಘೋಷಣೆ ಮಾತ್ರ ಅಚಲವಾಗಿ ನಿಂತಿತು.

“ಹಾಗಾದ್ರೆ ಶನಿವಾರಾನೇ ಹೊರಡೋಣ ಬಿಡಿ” ಎಂದರು ಶಿಶುವಿಹಾರದಲ್ಲಿ ಟೀಚರ್ ಆಗಿರುವ ಅವರ ಹೆಂಡತಿ. ದಿನವಿಡೀ ಚಿಕ್ಕ ಮಕ್ಕಳ ಪ್ರತಿಜ್ಞೆಗಳನ್ನು ಕೇಳಿ ಕೇಳಿ ಅವರಿಗೆ ಯಾವ ಪ್ರತಿಜ್ಞೆಯೂ ನಾಟುತ್ತಿರಲಿಲ್ಲ.

ಯಜಮಾನರ ಸಂಕಟ ಸಣ್ಣದೇನಲ್ಲ. ಅತ್ತೆಯವರು ಊರಾಚೆ ಗುಡ್ಡದ ಮೇಲಿನ ಹೊಸ ಬಡಾವಣೆಗೆ ಮನೆ ಬದಲಿಸಿದ ಮೇಲೆ, ಭಾನುವಾರ ಬಂತೆಂದರೆ ಮಕ್ಕಳು ಅಳಿಯಂದಿರಿಗೆಲ್ಲ ಅಲ್ಲೇ ಊಟ. ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ, ತನ್ನ ಆನೆಗಾತ್ರದ ಕಾರಿನಲ್ಲಿ ಮುಂದೆ. ಹಿರಿಯ ಅಳಿಯನಾದ ಇವರು ಪುಟ್ಟ ಟರ್ಬೊ ಕಾರಿನಲ್ಲಿ ಅವನ ಹೊಗೆ ಕುಡಿಯುತ್ತ ಹಿಂದೆ. ಗುಡ್ಡದ ಏರಿನಲ್ಲಿ ಅವನು ಕಣ್ಮರೆಯಾಗುತ್ತಿದ್ದ. ಆಮೇಲೆ ಪಾಪ ಅಂತ ತಿರುವಿನಲ್ಲಿ ನಿಂತು ಕಾಯುತ್ತಿದ್ದ. ಆ ಕಾಯುವಿಕೆಯೇ ಇವರಿಗೆ ಸಹಿಸಲಾಗದ್ದು! ಇವರು ಚಪ್ಪಲಿ ಬಿಡುವಷ್ಟರಲ್ಲಿ ಅವನು ಅತ್ತೆಯ ಕುಶಲ ವಿಚಾರಿಸಿ, ಸೋರುವ ನಲ್ಲಿ ಬಿಗಿಮಾಡಿ, ಅಡುಗೆಯ ಉಪ್ಪು ನೋಡಿ ಆಗಿರುತ್ತಿತ್ತು. ಇವರಿಗೆ ಸಿಗುತ್ತಿದ್ದುದು, “ಬಂದ್ರಾ? ಕೈ ತೊಳ್ಕೊಳ್ಳಿ, ಎಲ್ಲಾ ಆರಿಹೋಗ್ತಿದೆ” ಎಂಬ ಒಂದೇ ಮಾತು. ಯಜಮಾನರಿಗೆ ನಿಜಕ್ಕೂ ನೋವಾಗುತ್ತಿತ್ತು. ಹಿರಿಯ ಅಳಿಯನೆಂಬ ಪದವಿ ಮದುವೆಯ ಫೋಟೋದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಕಾರು ಮಾರಿದವನು, “ನೋಡೋಕೆ ಇಷ್ಟೇ ಸರ್, ಒಳಗೆ ಹುಲಿ ಇದೆ” ಎಂದಿದ್ದ. ಆ ಹುಲಿಯನ್ನು ಎಬ್ಬಿಸಲೇಬೇಕೆಂದು ಯಜಮಾನರು ಅಂಗಡಿಗೆ ಅರ್ಧ ದಿನ ಬೀಗ ಹಾಕಿ, ಕಾರುಗಳ ಶಕ್ತಿ ಹೆಚ್ಚಿಸುವ ವರ್ಕ್‌ಶಾಪಿಗೆ ಹೋದರು. ಅಲ್ಲಿನ ಮಾಲೀಕನನ್ನು ಎಲ್ಲರೂ ಕರೆಯುತ್ತಿದ್ದುದು ‘ಗುರು’ ಎಂದು.

“ಸರ್, ನಿಮಗೆ ಪಿಕಪ್ ಬೇಕಾ, ಸೌಂಡ್ ಬೇಕಾ, ಫೀಲ್ ಬೇಕಾ?” ಎಂದ ಗುರು.

“ಫೀಲ್ ಅಂದ್ರೆ?”

“ಅದನ್ನ ಹೇಳೋಕೆ ಬರಲ್ಲ ಸರ್. ಫೀಲ್ ಆಗಬೇಕು.”

ಯಜಮಾನರು ತಲೆಯಾಡಿಸಿದರು. ಏನೂ ಅರ್ಥವಾಗದಿದ್ದಾಗ ಅವರು ಹಾಗೇ ತಲೆಯಾಡಿಸುವುದು. “ಮೊದಲು ಏನು ಹಾಕಿಸಿದ್ರೆ ಒಳ್ಳೇದು?”

“ದೊಡ್ಡ ಏರ್ ಫಿಲ್ಟರ್ ಹಾಕಿ. ಎಂಜಿನ್ ಚೆನ್ನಾಗಿ ಉಸಿರಾಡುತ್ತೆ. ಆದ್ರೆ ಬರೀ ಫಿಲ್ಟರ್ ಹಾಕಿದ್ರೆ ದಂಡ. ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಮ್ಯಾಪ್, ಅಂದ್ರೆ ಹೊಸ ಪ್ರೋಗ್ರಾಂ ಹಾಕ್ಬೇಕು.”

“ಸರಿ, ಮ್ಯಾಪ್ ಹಾಕಿ.”

“ಮ್ಯಾಪ್ ಹಾಕಿದ್ರೆ ಟರ್ಬೊ ಬಿಸಿಯಾಗುತ್ತೆ. ಅದಕ್ಕೆ ಗಾಳಿ ತಣ್ಣಗೆ ಮಾಡೋ ದೊಡ್ಡ ಇಂಟರ್‌ಕೂಲರ್. ಒಳಗೆ ಬಂದ ಗಾಳಿ ಹೊರಗೆ ಹೋಗಬೇಕಲ್ಲ, ಅಗಲವಾದ ಸೈಲೆನ್ಸರ್. ಇಷ್ಟಾದ್ಮೇಲೆ ಕಾರು ಓಡುತ್ತೆ ನೋಡಿ, ಆಗ ನಿಲ್ಲಲ್ಲ. ಬ್ರೇಕ್ ಬದಲಾಯಿಸ್ಬೇಕು. ಬ್ರೇಕ್ ಹಿಡಿದ್ರೂ ಟೈರ್ ಹಿಡೀಬೇಕಲ್ಲ?”

“ಅಲ್ಲಪ್ಪಾ, ನನ್ನ ಕಾರಲ್ಲಿ ನನ್ನದು ಅಂತ ಉಳಿಯೋದೇನು?”

“ಸೀಟು” ಎಂದ ಗುರು, ಸ್ವಲ್ಪ ಯೋಚಿಸಿ. “ಅದೂ ಬೇರೆ ಸಿಗುತ್ತೆ.”

ಬೆಂಚಿನ ಮೇಲೆ ಕಾಯುತ್ತ ಕುಳಿತಿದ್ದ ಇನ್ನೊಬ್ಬ ಗಿರಾಕಿ, ಬ್ರೇಕಿಲ್ಲದೆ ಮ್ಯಾಪ್ ಮುಟ್ಟಲೇಬೇಡಿ ಎಂದ. ಅವನ ಪಕ್ಕದವನು, ಮ್ಯಾಪಿಲ್ಲದೆ ಬ್ರೇಕ್ ಯಾಕೆ ಬೇಕು ಎಂದ. ಇಬ್ಬರಿಗೂ ಜಗಳ ಹತ್ತಿತು. ಯಜಮಾನರ ತಲೆ ಗಿರ್ರೆಂದಿತು. ಏನು ಹಾಕಿಸಬೇಕೆಂದು ಬಂದಿದ್ದರೋ ಅದೇ ಮರೆತುಹೋಯಿತು.

“ತಲೆ ಕೆಡಿಸ್ಕೋಬೇಡಿ ಸರ್, ಓಡಿಸಿ ನೋಡಿ ಆರಿಸ್ಕೊಳ್ಳಿ” ಎಂದು ಗುರು ಲ್ಯಾಪ್‌ಟಾಪ್ ಹಿಡಿದು ಪಕ್ಕದ ಸೀಟಿನಲ್ಲಿ ಕುಳಿತ. ಕಾರಿಗೆ ವೈರು ಸಿಕ್ಕಿಸಿದ. ವರ್ಕ್‌ಶಾಪಿನ ಹಿಂದಿನ ಖಾಲಿ ರಸ್ತೆಯಲ್ಲಿ ಪರೀಕ್ಷೆ ಶುರುವಾಯಿತು.

“ಈಗ ಒತ್ತಿ. ಇದು ಚೆನ್ನಾಗಿದೆಯಾ?” ಲ್ಯಾಪ್‌ಟಾಪಿನ ಕೀಲಿಗಳ ಟಕಟಕ ಸದ್ದು. “ಅಥವಾ ಇದಾ?”

ಯಜಮಾನರು ಪೆಡಲಿನಿಂದ ಕಾಲು ತೆಗೆದರು. ಇದು ಅವರದೇ ಡೈಲಾಗು! ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಗಿರಾಕಿಗಳನ್ನು ಕೂರಿಸಿ, ಒಂದಾದ ಮೇಲೊಂದು ಗಾಜು ಹಾಕುತ್ತ ವರ್ಷಗಟ್ಟಲೆ ಅವರು ಕೇಳುತ್ತ ಬಂದದ್ದು ಇದನ್ನೇ. “ಎರಡೂ ಒಂದೇ ಥರ ಕಾಣುತ್ತೆ ಸಾರ್” ಎನ್ನುವವರನ್ನು ಕಂಡರೆ ಅವರಿಗೆ ಮೈಯುರಿ. ಅಂಥವರ ಕಣ್ಣಿಗೆ ಯಜಮಾನರು ಮೊದಲು ಹಾಕಿದ್ದ ಗಾಜನ್ನೇ ತೆಗೆದು ಮತ್ತೆ ಹಾಕಿ, “ಈಗ?” ಎನ್ನುವರು. “ಆಹಾ, ಇದು ಸರಿ!” ಎನ್ನುವರು ಆ ಗಿರಾಕಿಗಳೂ.

ಈಗ ಯಜಮಾನರಿಗೆ ಎರಡೂ ಒಂದೇ ಥರ ಅನ್ನಿಸಿತು. ಹಾಗೆನ್ನಲು ಬಾಯಿ ಬರಲಿಲ್ಲ. ಮೂರನೆಯ ಸಲ ಗುರು ಗುಂಡಿ ಒತ್ತಿದಾಗ ಅವರು ಸ್ಟೇರಿಂಗನ್ನು ಬಡಿದು ಕೂಗಿದರು: “ಇದು! ಇದು ಕಣಯ್ಯಾ ಪಿಕಪ್ಪು ಅಂದ್ರೆ! ಹುಲಿ ಎದ್ದಿದೆ!”

“ಸರ್, ಅದು ಕಂಪನಿಯವರು ಕೊಟ್ಟಿದ್ದೇ” ಎಂದ ಗುರು ಮೆಲ್ಲಗೆ. “ವಾಪಸ್ ಹಾಕಿದ್ದೆ.”

ಮಾನ ಹೋದ ಮೇಲೆ ಚೌಕಾಶಿ ಎಲ್ಲಿಯದು? “ಹಾಗಾದ್ರೆ ಎಲ್ಲಕ್ಕಿಂತ ಜೋರಾಗಿರೋ ಮ್ಯಾಪು, ಎಲ್ಲಕ್ಕಿಂತ ಅಗಲದ ಸೈಲೆನ್ಸರು, ಅದಕ್ಕೆ ಬೇಕಾದ ಬ್ರೇಕು, ಎಲ್ಲಾ ಹಾಕಿಬಿಡಿ” ಎಂದು ಹೇಳಿ, ಯಜಮಾನರು ನಡೆದೇ ಮನೆಗೆ ಬಂದರು.

ಶನಿವಾರ ಕಾರು ಬಂದಾಗ ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದವು. ಹೆಂಡತಿ ಕಿವಿ ಮುಚ್ಚಿಕೊಂಡು ಹೊರಗೆ ಓಡಿಬಂದರು.

“ಏನ್ರೀ ಇದು, ಸೈಲೆನ್ಸರ್ ತೂತಾಗಿದೆಯಾ?”

“ತೂತಲ್ಲ ಕಣೇ, ಶಕ್ತಿ!”

“ಜಾಣ ಮರಿ ಅಲ್ವಾ, ಮೊದಲು ಶಕ್ತೀನ ಆಫ್ ಮಾಡಿ. ಎದುರು ಮನೆ ಪಾಪು ಅಳ್ತಿದೆ.”

ಭಾನುವಾರ ಗುಡ್ಡದ ಬುಡದಲ್ಲಿ ಷಡ್ಡಕನ ಕಾರು ಎಂದಿನಂತೆ ಮುಂದಿತ್ತು. ಏರು ಶುರುವಾಯಿತು. ರಸ್ತೆ ಅಗಲವಾಗಿತ್ತು, ಎದುರಿಗೆ ಯಾರೂ ಇರಲಿಲ್ಲ. ಯಜಮಾನರು ಹಲ್ಲು ಕಚ್ಚಿ ಪೆಡಲ್ ಒತ್ತಿದರು. ಪುಟ್ಟ ಕಾರು ಬೊಬ್ಬಿಟ್ಟು ನೆಗೆಯಿತು! ತೂಕಡಿಸುತ್ತಿದ್ದ ಹೆಂಡತಿಗೆ ನಿದ್ದೆ ಹಾರಿಹೋಯಿತು. ಪಕ್ಕದಲ್ಲಿ ಷಡ್ಡಕನ ಬಾಯಿ ತೆರೆದದ್ದು ಒಂದು ಕ್ಷಣ ಕಂಡಿತು, ಆಮೇಲೆ ಕನ್ನಡಿಯಲ್ಲಿ ಕಂಡಿತು, ಆಮೇಲೆ ಕಾಣಲೇ ಇಲ್ಲ. ಯಜಮಾನರ ಕಣ್ಣಲ್ಲಿ ನೀರು ಬಂತು. ಅಷ್ಟು ಸಂತೋಷ ಅವರಿಗೆ ಮದುವೆಯ ದಿನವೂ ಆಗಿರಲಿಲ್ಲ. ಹೆಂಡತಿ ಪಕ್ಕದಲ್ಲೇ ಇದ್ದದ್ದರಿಂದ ಅದನ್ನವರು ಬಾಯಿ ಬಿಟ್ಟು ಹೇಳಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಬಡಾವಣೆಯ ಬಾಗಿಲು ದಾಟಿದ ಕೂಡಲೇ ರಸ್ತೆ ಮೂರಾಗಿ ಒಡೆಯಿತು. ಮೂರರಲ್ಲೂ ಸಾಲು ಸಾಲು ಮನೆಗಳು. ಎಲ್ಲಕ್ಕೂ ಅದೇ ಬಿಳಿ ಗೋಡೆ, ಅದೇ ಕಪ್ಪು ಗೇಟು.

“ಯಾವ ಕಡೆ?” ಎಂದರು ಯಜಮಾನರು.

“ನನ್ನನ್ಯಾಕೆ ಕೇಳ್ತೀರಿ? ಓಡಿಸ್ತಿರೋರು ನೀವು!”

“ಇಷ್ಟು ದಿನ ಅವನ ಹಿಂದೆ ಬರ್ತಿದ್ದೆ ಕಣೇ, ದಾರಿ ಯಾರು ನೋಡಿದ್ರು! ನಿನ್ನ ತವರುಮನೆ ಅಲ್ವಾ?”

“ತವರಿಗೆ ಹೋಗೋವಾಗ ನಾನು ಯಾವತ್ತಾದ್ರೂ ಎಚ್ಚರ ಇದ್ದಿದ್ದುಂಟಾ?”

ಫೋನಿನ ನಕ್ಷೆಯಲ್ಲಿ ಬಡಾವಣೆ ಇನ್ನೂ ಹುಟ್ಟಿರಲೇ ಇಲ್ಲ. ಎಡಕ್ಕೆ ಹೋದರು, ಖಾಲಿ ನಿವೇಶನ ಸಿಕ್ಕಿತು. ಬಲಕ್ಕೆ ಹೋದರು, ಹೊರಟ ಜಾಗಕ್ಕೇ ಬಂದರು. ಷಡ್ಡಕನಿಗಾಗಿ ಕಾಯೋಣವೆಂದರೆ, ಇವರು ಖಾಲಿ ನಿವೇಶನ ನೋಡುತ್ತಿದ್ದಾಗಲೇ ಅವನು ಒಳಗೆ ಹೋಗಿಯಾಗಿತ್ತು. ಬಿಳಿ ಗೋಡೆಗಳ ನಡುವೆ ಪುಟ್ಟ ಕಾರು ಗುರ್‍ರೆನ್ನುತ್ತ ಸುತ್ತತೊಡಗಿತು. ಅಷ್ಟರಲ್ಲಿ ಹೆಂಡತಿಯ ಫೋನು ಹೊಡೆದುಕೊಂಡಿತು. ಅತ್ತೆ!

“ಏನೇ, ಆಗಿಂದ ನಮ್ಮ ಬಡಾವಣೇಲಿ ಬೊಬ್ಬೆ ಹೊಡೀತಾ ತಿರುಗ್ತಿರೋದು ನಿಮ್ಮ ಕಾರಾ? ತಡಿ, ತಾರಸಿ ಮೇಲೆ ಹೋಗ್ತೀನಿ. ಹಾಂ, ಈಗ ಓಡಿಸೋಕೆ ಹೇಳು... ಜೋರಾಯ್ತು... ಇನ್ನೂ ಜೋರಾಯ್ತು... ಅಯ್ಯೋ, ಕಮ್ಮಿ ಆಯ್ತು! ತಪ್ಪಿದ್ರಿ, ಹಿಂದಕ್ಕೆ ಬನ್ನಿ!”

ಹಾಗೆ ಜೋರು, ಕಮ್ಮಿ, ಎಡ, ಬಲ ಎನ್ನಿಸಿಕೊಳ್ಳುತ್ತ, ಅತ್ತೆಯ ಕಿವಿಯನ್ನೇ ನಂಬಿಕೊಂಡು ಹಿರಿಯ ಅಳಿಯ ಕೊನೆಗೂ ಗೇಟು ಮುಟ್ಟಿದರು. ಷಡ್ಡಕ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದು ಕಾರಿನ ಬಾಗಿಲು ತೆರೆದ. “ಭಾವ, ಏನ್ ಪಿಕಪ್ಪು! ನಿಮ್ಮನ್ನ ಹಿಡಿಯೋಕೇ ಆಗಲಿಲ್ಲ” ಎಂದ. ಅವನು ನಿಜವಾಗಿಯೂ ಮೆಚ್ಚಿ ಹೇಳಿದ್ದ. ಇವರಿಗೆ ಅದೇ ಹೆಚ್ಚು ಉರಿಯಿತು.

ಅತ್ತೆ ತಾರಸಿಯಿಂದಿಳಿದು ಬಂದರು. ಮೊದಲ ಸಲ ಹಿರಿಯ ಅಳಿಯನನ್ನು ಬಾಗಿಲಿಗೇ ಬಂದು, ನಗುನಗುತ್ತ ಎದುರುಗೊಂಡರು.

“ಒಳ್ಳೇ ಕೆಲಸ ಮಾಡಿಸಿದ್ದೀರಿ ಅಳಿಯಂದ್ರೇ! ಇನ್ಮೇಲೆ ನಿಮ್ಮ ಊಟ ಆರೋ ಮಾತೇ ಇಲ್ಲ. ಬಡಾವಣೆ ಬಾಗಿಲಲ್ಲಿ ನಿಮ್ಮ ಕಾರಿನ ಸದ್ದು ಕೇಳಿದ ಕೂಡಲೇ ಅಕ್ಕಿ ತೊಳೆದು ಒಲೆ ಮೇಲಿಡ್ತೀನಿ. ನೀವು ಮನೆ ಹುಡುಕ್ಕೊಂಡು ಬರೋಷ್ಟರಲ್ಲಿ ಅನ್ನ ಬೆಂದಿರುತ್ತೆ!”