ಚಿಗವ್ವ ಇಟ್ಟ ಹೆಸರುಗಳು

ನಮ್ಮವ್ವನ ತಂಗಿ, ಅಂದರೆ ನನ್ನ ಚಿಗವ್ವನ ಮನೆಗೆ ಹೋಗುವುದೆಂದರೆ ನನಗೆ ಈಗಲೂ ಪ್ರಾಣಭಯ. ಅಲ್ಲಿ ಕಚ್ಚುವ ನಾಯಿಯಿಲ್ಲ, ಜಗಳವೂ ಇಲ್ಲ. ಇರುವುದು ಇಂಗ್ಲಿಷು! ಶಹಾಪುರದ ಬಸ್ಸು ಇಳಿದು ಸಗರದ ಅವಳ ಅಂಗಳಕ್ಕೆ ಕಾಲಿಟ್ಟರೆ ಸಾಕು, ಕುಡಿಯಲು ನೀರು ಕೊಡುವ ಮೊದಲೇ ಯಾವುದೋ ಪದವನ್ನು ನನ್ನ ತಲೆಗೆ ಕಟ್ಟುತ್ತಾಳೆ.

ಅವಳ ತಪ್ಪಲ್ಲ ಬಿಡಿ, ಈ ಚಟ ಹತ್ತಿದ್ದು ಹಿಂದೆ ಓದುವಾಗ. ಕೂಲಿ ಹೆಂಗಸರ ಬದುಕಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಕಡೆಯ ಮೌಖಿಕ ಪರೀಕ್ಷೆಗೆ ಕನ್ನಡ ಬಾರದ ಪರೀಕ್ಷಕರು ಬರುತ್ತಾರೆಂದು ತಿಳಿದ ದಿನವೇ ಅವಳು ಇಂಗ್ಲಿಷ್ ಕಲಿಯಲು ಕೂತಳು. ಅಲ್ಲಿ ಬಾಯಿ ಬಿಡದಿದ್ದರೆ ಇಷ್ಟು ವರ್ಷದ ಓದು ನೀರುಪಾಲು. ದೊಡ್ಡ ದೊಡ್ಡ ಪದಗಳನ್ನು ಬಾಯಿಪಾಠ ಮಾಡಿದಳು, ನಿಲ್ಲಲಿಲ್ಲ. ಕೊನೆಗೆ ಮನೆಮಂದಿಗೆಲ್ಲ ಒಂದೊಂದು ಪದವನ್ನು ಹೆಸರಾಗಿ ಇಟ್ಟು, ಹಾಗೇ ಕರೆಯತೊಡಗಿದಳು.

ಊಟಕ್ಕೆ ಕರೆದರೂ ಹೌದು-ಅಲ್ಲ ಎನ್ನದೆ "ನೋಡೂನು" ಎನ್ನುವ ಅವಳ ಗಂಡ 'ಆಂಬಿಗ್ಯುಅಸ್' ಆದ. ಕಣ್ಣಾರೆ ಕಾಣದೆ ಏನನ್ನೂ ನಂಬದ ಅವಳ ಅತ್ತೆ 'ಎಂಪಿರಿಕಲ್'. ನಾನು?

"ನೀ ರಿಡಂಡಂಟ್" ಎಂದಳು.

"ಹಂಗಂದ್ರ?"

"ಇದ್ರೂ ನಡಿತದ, ಇಲ್ದಿದ್ರೂ ನಡಿತದ."

ಆಮೇಲೆ ಕೊಟ್ಟ ಚಹಾವನ್ನು ಹಾಗೇ ಬಿಟ್ಟು ಎದ್ದೆ. ಅತ್ತೆ ಮಾತ್ರ ಬೇಗ ಒಗ್ಗಿಕೊಂಡಳು. ಎಂಪಿರಿಕಲ್ ಎಂದು ಕೂಗಿದರೆ ಹಿತ್ತಲಿಂದ "ಬಂದ್ನೆವ್ವಾ" ಎಂದು ಎದ್ದು ಬರುತ್ತಿದ್ದಳು.

ಇಂಥ ಪರೀಕ್ಷೆಯನ್ನು ಮನೆಯವರೂ ಕೂತು ನೋಡಬಹುದಲ್ಲ! ಹಾರ, ಶಾಲು ಹಿಡಿದು ನಾವೆಲ್ಲ ಕ್ರೂಸರ್ ಗಾಡಿಯಲ್ಲಿ ವಿಶ್ವವಿದ್ಯಾಲಯಕ್ಕೆ ಹೊರಟೆವು. ದಾರಿಯುದ್ದಕ್ಕೂ ಚಿಗವ್ವ ನನ್ನ ಕೈ ಬಿಡಲಿಲ್ಲ. ಅವಳ ಅಂಗೈ ತಣ್ಣಗಿತ್ತು.

ಮೊದಲ ಪ್ರಶ್ನೆಗೇ ಅವಳ ಬಾಯಿ ಕಟ್ಟಿತು. ಹಿಂದಿನ ಸಾಲಿನಲ್ಲಿದ್ದ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಅತ್ತೆಯ ಮೇಲೆ ಕಣ್ಣು ನಿಂತಿತು. "ಎಂಪಿರಿಕಲ್..." ಎಂದಳು.

"ಬಂದ್ನೆವ್ವಾ" ಎಂದು ಅತ್ತೆ ಎದ್ದು ನಡೆದೇಬಿಟ್ಟಳು.

ಸಭೆ ಗೊಳ್ಳೆಂದಿತು. ಅತ್ತೆ ನಡುದಾರಿಯಲ್ಲೇ ನಿಂತುಬಿಟ್ಟಳು. ನಗದೆ ಇದ್ದವರು ಪರೀಕ್ಷಕರೊಬ್ಬರೇ. ಈಕೆ ಯಾರೆಂದು ಕೇಳಿದರು. ಚಿಗವ್ವ ಒಂದೂ ದೊಡ್ಡ ಪದವಿಲ್ಲದ ಪುಟ್ಟ ಪುಟ್ಟ ಇಂಗ್ಲಿಷ್ ಮಾತುಗಳಲ್ಲಿ ಹೇಳತೊಡಗಿದಳು. ನಗು ನಿಂತಿತು. ಮುಂದಿನ ಯಾವ ಪ್ರಶ್ನೆಗೂ ಅವಳು ಹೆದರಲಿಲ್ಲ, ಪಿಎಚ್‌ಡಿಯೂ ಬಂತು. ಆದರೆ ಅವಳಿನ್ನೂ ಹೇಳುತ್ತಿದ್ದಾಗ ನನಗೆ ಅತ್ತೆಯದೇ ಚಿಂತೆ. ಓಡಿಹೋಗಿ ಕರೆತಂದು ಕೂರಿಸಿದೆ.

"ನನ್ನಿಂದ ಕೆಟ್ಟುಹೋತೇನಪ್ಪಾ? ಏನಂತ ಬೈಯಾಕತ್ತಾಳ?"

"ಬೈಯಾಕತ್ತಿಲ್ಲಬೇ ಆಯಿ. 'ಈಕಿ ನಮ್ಮತ್ತಿ, ಮಂದಿ ಹೊಲದಾಗ ಹತ್ತಿ ಬಿಡಿಸಿ ನನ್ನ ಓದಿಸ್ಯಾಳ, ನಾ ಬರದದ್ದೆಲ್ಲ ಈಕಿ ಬದುಕ' ಅಂತ ಹೇಳಾಕತ್ತಾಳ."

ಅತ್ತೆ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು ಸೊಸೆಯತ್ತ ನೋಡಿದಳು.

"ಇಷ್ಟು ಮಂದ್ಯಾಗ ಹೇಳಿದ್ಲಾ?" ಎಂದಳು.